ಅವರ ಬಾಯಿಗೆ ಒಂದೊಂದೇ ರೋಗ

ಜನವರಿ 9, ಗುರುವಾರ

ನಾಲ್ಕು ವರ್ಷ ಕಿರಿಯ ಡಾಕ್ಟರಾಗಿ ದುಡಿದ ಹಲ್ಲಿನ ಕ್ಲಿನಿಕ್ಕಿನಿಂದ ಇವತ್ತು ಹನ್ನೊಂದೂವರೆಗೆ ನನ್ನನ್ನು ಹೊರಗೆ ಹಾಕಿದರು. ನನ್ನ ಕೋಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಮುಂದಿನ ಮೇಜಿನ ಮೇಲೆ ಇಟ್ಟಿದ್ದರು. ನಾನು ಬರುವ ಮೊದಲೇ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ. ನವೆಂಬರ್ ಕೊನೆಯಲ್ಲಿ ಒಬ್ಬರು ಟೈಲರಮ್ಮ ಬಂದಿದ್ದರು. ಕೆಳದವಡೆಯ ಬಲಗಡೆ ಬುದ್ಧಿಹಲ್ಲು ಅಡ್ಡ ಮಲಗಿತ್ತು. ಕ್ಲಿನಿಕ್ಕಿನ ಯಜಮಾನರು, ನಾವೆಲ್ಲ ದೊಡ್ಡ ಡಾಕ್ಟರು ಅನ್ನುವವರು, ತಾವೇ ಅದನ್ನು ತೆಗೆದರು. ನಾನು ಪಕ್ಕದಲ್ಲಿ ನಿಂತು ಎಂಜಲು, ರಕ್ತ ಹೀರುವ ಕೊಳವೆ ಹಿಡಿದಿದ್ದೆ, ಅಷ್ಟೇ. ಇಂಜೆಕ್ಷನ್ನಿನ ಜೋಮು ಇಳಿದು ವಾರ ಕಳೆದರೂ ಆಕೆಯ ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಮರಳಲಿಲ್ಲ. ದವಡೆಯೊಳಗೆ ಹಾದುಹೋಗುವ ನರಕ್ಕೆ ಪೆಟ್ಟಾಗಿದೆ. ಆಕೆಯ ಮಗಳು ಡೆಂಟಲ್ ಕೌನ್ಸಿಲ್‌ಗೆ ದೂರು ಕೊಟ್ಟಳು. ನಿನ್ನೆ ನೋಟಿಸ್ ಬಂತು.

"ಕೇಸ್ ಶೀಟಲ್ಲಿ ಸಹಿ ಯಾರದ್ದಮ್ಮ?" ಎಂದರು ದೊಡ್ಡ ಡಾಕ್ಟರು.

"ನಂದೇ ಸರ್. ನಾಲ್ಕು ವರ್ಷದಿಂದ ನೀವು ಮಾಡಿದ್ದಕ್ಕೆಲ್ಲ ನಾನೇ ಸಹಿ ಹಾಕ್ತಿದೀನಿ. ನೀವೇ ಹಾಕು ಅಂದಿದ್ದು."

"ನಾನು ಅಂದಿದ್ದಕ್ಕೆ ಕಾಗದ ಇಲ್ಲ. ಸಹಿಗೆ ಇದೆ. ಹಲ್ಲು ತೆಗೆದಿದ್ದು ನೀನು ಅಂತ ಉತ್ತರ ಕಳಿಸಿ ಆಯ್ತು. ನೀನಿನ್ನೂ ಚಿಕ್ಕವಳು, ಬೈದು ಬಿಟ್ಟುಬಿಡ್ತಾರೆ. ನಂದು ಇಪ್ಪತ್ತೈದು ವರ್ಷದ ಹೆಸರು."

ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಮನುಷ್ಯನನ್ನು ನಾನು ಬಿಡುವುದಿಲ್ಲ.

ಜನವರಿ 12, ಭಾನುವಾರ

ಮೂರು ದಿನ ಮಲಗಿ ಎದ್ದ ಮೇಲೆ ತಲೆ ತಿಳಿಯಾಗಿದೆ. ಪಿ.ಜಿ. ಪ್ರವೇಶ ಪರೀಕ್ಷೆ ಜೂನ್ ಹದಿನೈದಕ್ಕೆ. ಬರೆಯುತ್ತೇನೆ. ಸರ್ಜರಿ ಸೀಟು ತೆಗೆದುಕೊಳ್ಳುತ್ತೇನೆ. ಮೂರು ವರ್ಷ ಕಳೆದು ಅವರ ಕ್ಲಿನಿಕ್ಕಿನ ಎದುರಿಗೇ, ಈಗ ಚಪ್ಪಲಿ ಅಂಗಡಿಯಿರುವ ಮಹಡಿಯಲ್ಲಿ, ಅವರ ಬೋರ್ಡಿಗಿಂತ ಒಂದು ಗೇಣು ದೊಡ್ಡ ಬೋರ್ಡು ಹಾಕುತ್ತೇನೆ. ಅವರ ಹೆಸರಿನ ಮುಂದೆ ಇರುವುದೂ ನನ್ನಷ್ಟೇ ಓದು. ಸರ್ಜರಿ ಎಲ್ಲಿ ಕಲಿತರೋ ದೇವರಿಗೇ ಗೊತ್ತು.

ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅವಳ ಮನೆಯ ಹಿಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾಳೆ. ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಒರೆಸಿದೆವು. ಹಲ್ಲಿನ ರಚನೆ, ಬಾಯಿಯ ರೋಗಗಳು, ಎಕ್ಸ್‌ರೇ, ವಸಡು, ಬೇರಿನ ಚಿಕಿತ್ಸೆ, ಕಟ್ಟುವ ಹಲ್ಲು, ವಕ್ರದಂತ, ಮಕ್ಕಳ ಹಲ್ಲು, ಸರ್ಜರಿ, ಸಮುದಾಯ ಆರೋಗ್ಯ. ಎದೆಯ ಮಟ್ಟಕ್ಕೆ ಬಂತು.

"ಇಷ್ಟೆಲ್ಲ ಆ ಮೂವತ್ತೆರಡು ಹಲ್ಲಿಗಾ?" ಎಂದಳು ಅಕ್ಕ.

ಜನವರಿ 20, ಸೋಮವಾರ

ಓದಿದ್ದು ತಲೆಗೆ ಅಂಟುತ್ತಿರಲಿಲ್ಲ. ಇವತ್ತು ಒಂದು ದಾರಿ ಸಿಕ್ಕಿತು. ಪ್ರತಿ ರೋಗವನ್ನೂ ದೊಡ್ಡ ಡಾಕ್ಟರ ಬಾಯಲ್ಲಿ ಇಟ್ಟುಬಿಡುವುದು.

ಬೆಳಗ್ಗೆ ಅವರಿಗೆ ವಸಡಿನ ರೋಗ ಕೊಟ್ಟೆ. ಹಲ್ಲು ಮತ್ತು ವಸಡಿನ ನಡುವಿನ ಸಂದಿ ಮೂರು ಮಿಲಿಮೀಟರ್‌ವರೆಗೆ ಸರಿ, ಅವರದು ಏಳು. ಒಳಗಿನ ಮೂಳೆ ಕರಗಿದೆ, ಕರಗಿದ್ದು ತಾನಾಗಿ ಮರಳದು. ಮುಂದಿನ ಹಲ್ಲು ನಾಲಿಗೆ ತಾಗಿದರೆ ಅಲುಗುತ್ತದೆ. ಮಧ್ಯಾಹ್ನ ದವಡೆಯೊಳಗೆ ಗಡ್ಡೆ ಬೆಳೆಸಿದೆ. ಎಕ್ಸ್‌ರೇಯಲ್ಲಿ ಸೋಪಿನ ನೊರೆಯ ಗುಳ್ಳೆಗಳ ಹಾಗೆ ಕಾಣುವ ಗಡ್ಡೆ. ಸಾವಕಾಶವಾಗಿ ಬೆಳೆಯುತ್ತದೆ, ನೋಯುವುದಿಲ್ಲ, ಮುಖ ಸೊಟ್ಟಗಾಗುವ ತನಕ ಗೊತ್ತೇ ಆಗುವುದಿಲ್ಲ.

ಐವತ್ತಕ್ಕೆ ನಲವತ್ತಮೂರು ಪ್ರಶ್ನೆ ಸರಿ. ಮೊದಲ ಸಲ.

ಫೆಬ್ರವರಿ 2, ಭಾನುವಾರ

ಟೈಲರಮ್ಮನ ಅಂಗಡಿಗೆ ಹೋಗಿದ್ದೆ. ಆಕೆ ನನ್ನನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮೆಷಿನ್ನಿನ ಮುಂದಿದ್ದ ಸ್ಟೂಲ್ ತೋರಿಸಿದರು.

"ನೀವೇ ಕಿತ್ತಿದ್ದು ಅಂತ ಕಾಗದ ಬಂದಿದೆ ಡಾಕ್ಟ್ರಮ್ಮ. ನಾನು ಮಗಳಿಗೆ ಹೇಳ್ದೆ, ಸುಳ್ಳು ಅಂತ. ಕಣ್ಣಿಗೆ ಬಟ್ಟೆ ಹಾಕಿದ್ರೇನು, ಬಾಯೊಳಗೆ ಬಂದಿದ್ದು ದೊಡ್ಡ ಕೈ. ನಲವತ್ತು ವರ್ಷ ಅಳತೆ ತಗೊಂಡಿರೋಳು ನಾನು. ನಿಮ್ಮ ಕೈ ಮಗೂದು."

ಇದನ್ನು ವಿಚಾರಣೆಯಲ್ಲಿ ಹೇಳುತ್ತೀರಾ ಎಂದು ಕೇಳಿದೆ. ಹೇಳುತ್ತಾರಂತೆ.

ಆಕೆ ಮೊದಲೆಲ್ಲ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದರು. ಈಗ ಸೂಜಿ ಚುಚ್ಚಿದ್ದೇ ತಿಳಿಯುವುದಿಲ್ಲ. ಯಾರದೋ ಬಿಳಿ ಅಂಗಿಯ ಮೇಲೆ ರಕ್ತ ಬಿದ್ದಾಗಲೇ ಗೊತ್ತಾದದ್ದು. ಊಟದ ಅಗುಳು ಗದ್ದದ ಮೇಲೆ ಉಳಿದರೂ ಗೊತ್ತಾಗುವುದಿಲ್ಲ, ಅದಕ್ಕೆ ಯಾರ ಎದುರೂ ಊಟಕ್ಕೆ ಕೂರುವುದಿಲ್ಲ.

ನಾನು ಹತ್ತಿಯ ಎಳೆ, ಸೂಜಿ, ಅಕ್ಕನ ಶಾಲೆಯ ಜಾಮಿಟ್ರಿ ಬಾಕ್ಸಿನ ಕೈವಾರ ಒಯ್ದಿದ್ದೆ. ಕಣ್ಣು ಮುಚ್ಚಿಸಿ, ಎಲ್ಲೆಲ್ಲಿ ಸ್ಪರ್ಶ ತಿಳಿಯುವುದಿಲ್ಲವೋ ಅಲ್ಲಿ ಪೆನ್ನಿನಿಂದ ಚುಕ್ಕಿ ಇಟ್ಟು, ಚುಕ್ಕಿ ಕೂಡಿಸಿ ಫೋಟೋ ತೆಗೆದೆ. ಬಲಗಡೆಯ ಅರ್ಧ ತುಟಿ, ಅದರ ಕೆಳಗೆ ಗದ್ದದ ತುದಿಯವರೆಗೂ. ದೊಡ್ಡ ಜಾಗ. ಒಳ್ಳೆಯ ಸಾಕ್ಷಿ. ಪ್ರತಿ ಮೂರು ವಾರಕ್ಕೆ ಬಂದು ತೆಗೆಯುತ್ತೇನೆ ಎಂದೆ.

"ಎಷ್ಟು ಮುತುವರ್ಜಿ ನಿಮಗೆ," ಎಂದರು. ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡೆ.

ಫೆಬ್ರವರಿ 12, ಬುಧವಾರ

ಸರ್ಜರಿ. ನರದ ಪೆಟ್ಟಿನಲ್ಲಿ ಮೂರು ತರ. ಒಂದು, ನರ ಬರೀ ಬೆಚ್ಚಿದ್ದು. ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ. ಎರಡು, ಒಳಗಿನ ಎಳೆ ಹರಿದು ಹೊರಗಿನ ಹೊದಿಕೆ ಉಳಿದದ್ದು. ದಿನಕ್ಕೆ ಒಂದು ಮಿಲಿಮೀಟರಿನಂತೆ ಚಿಗುರುತ್ತದೆ, ತಿಂಗಳುಗಟ್ಟಲೆ ಬೇಕು. ಮೂರು, ಪೂರ್ತಿ ತುಂಡಾದದ್ದು, ತಾನಾಗಿ ಬರುವುದಿಲ್ಲ.

ಮೊದಲನೆಯದರ ಗಡುವು ಮುಗಿದಿದೆ. ಮೂರನೆಯದಾಗಿದ್ದರೆ ಅವರ ಕಥೆ ಮುಗಿದ ಹಾಗೆ. ಯಾವ ವಕೀಲನೂ ಉಳಿಸಲಾರ.

ಮೂರನೆಯದೇ ಆಗಿರಲಿ.

ಫೆಬ್ರವರಿ 23, ಭಾನುವಾರ

ಟೈಲರಮ್ಮ ನನಗಾಗಿ ಕಾಯುತ್ತಿದ್ದರು. ಗದ್ದದಲ್ಲಿ ಇರುವೆ ಹರಿದ ಹಾಗಾಗುತ್ತದಂತೆ, ಮೂರು ದಿನದಿಂದ. "ಒಳ್ಳೇದಾ ಡಾಕ್ಟ್ರಮ್ಮ?"

ಒಳ್ಳೆಯದೇ. ನರ ಚಿಗುರುವ ಲಕ್ಷಣ. ಎರಡನೆಯ ತರ. ಹಾಗೇ ಹೇಳಬೇಕಿತ್ತು. "ನೋಡೋಣ" ಅಂದುಬಿಟ್ಟೆ.

ಕೇಳಿ ನನಗೆ ನಿರಾಸೆಯಾದದ್ದು ನಿಜ. ಇದನ್ನು ಬೇರೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯಬಹುದು. ವಾಸಿಯಾದರೆ ಅವರು ತಪ್ಪಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ ಎಂದು ಖಾತ್ರಿಯಾದ ಮೇಲೆ ಸಮಾಧಾನವಾಯಿತು. ಎಂಥ ಸಮಾಧಾನವೋ.

ಮಾರ್ಚ್ 8, ಶನಿವಾರ

ಅಕ್ಕನಿಗೆ ಅರ್ಧ ದಿನ ಶಾಲೆ. ಮಧ್ಯಾಹ್ನ ನನಗೆ ಪ್ರಶ್ನೆ ಕೇಳಲು ಕುಳಿತಳು. ಎಕ್ಸ್‌ರೇ ಪಾಠ. ಪದಗಳನ್ನು ಒಂದನೇ ತರಗತಿಯ ಮಗುವಿನ ಹಾಗೆ ಬಿಡಿಸಿ ಓದುತ್ತಾಳೆ, ಆದರೆ ಒಂದು ಅಕ್ಷರವನ್ನೂ ಬಿಡುವುದಿಲ್ಲ.

"ಬುದ್ಧಿಹಲ್ಲಿನ ಬೇರು ನರದ ಕಾಲುವೆಗೆ ತಾಗಿದೆ ಅನ್ನೋಕೆ ಎಕ್ಸ್‌ರೇಲಿ ಎಷ್ಟು ಗುರುತು?"

"ಏಳು. ಬೇರಲ್ಲಿ ನಾಲ್ಕು, ಕಾಲುವೇಲಿ ಮೂರು. ಅದರಲ್ಲಿ ಮುಖ್ಯವಾದದ್ದು ಮೂರೇ. ಬೇರಿನ ಮೇಲೆ ಕಪ್ಪು ನೆರಳು, ಕಾಲುವೆ ದಾರಿ ಬದಲಿಸೋದು, ಕಾಲುವೆಯ ಬಿಳಿ ಗೆರೆ ತುಂಡಾಗೋದು."

"ಕಂಡ್ರೆ ಏನು ಮಾಡ್ಬೇಕು?"

"ಸ್ಕ್ಯಾನ್ ಮಾಡಿಸಬೇಕು. ರೋಗಿಗೆ ಮೊದಲೇ ಹೇಳಬೇಕು. ಬೇಕಾದ್ರೆ ಬೇರು ಅಲ್ಲೇ ಬಿಟ್ಟು ಹಲ್ಲಿನ ತಲೆ ಮಾತ್ರ ಕೊಯ್ದು ತೆಗೀಬೇಕು."

ಆಮೇಲೆ ನನ್ನ ದೊಡ್ಡ ಅಸ್ತ್ರವನ್ನು ಅವಳಿಗೆ ತೋರಿಸಿದೆ. ಟೈಲರಮ್ಮನ ಎಕ್ಸ್‌ರೇ ಫಿಲ್ಮಿನ ಫೋಟೋ ನನ್ನ ಫೋನಿನಲ್ಲಿದೆ. ಹಲ್ಲು ಕೀಳುವ ಹತ್ತು ನಿಮಿಷ ಮೊದಲು ನಾನೇ ತೆಗೆದ ಫೋಟೋ. ಕ್ಲಿನಿಕ್ಕಿನಲ್ಲಿ ಮೂಲ ಫಿಲ್ಮು 'ಕಳೆದುಹೋಗಿದೆ'. ಬಿಳಿ ಗೆರೆ ಬೇರಿನ ಹತ್ತಿರ ಬಂದು ನಿಂತೇ ಹೋಗುತ್ತದೆ. "ನೋಡು, ಮೊದಲ ಪುಟ ಓದಿದವರಿಗೂ ಕಾಣುತ್ತೆ. ಇಪ್ಪತ್ತೈದು ವರ್ಷದ ಹೆಸರಂತೆ."

ಅಕ್ಕ ತುಂಬ ಹೊತ್ತು ನೋಡಿದಳು.

"ನೀನು ಎಲ್ರ ಫಿಲ್ಮೂ ಫೋಟೋ ತೆಗೀತಿದ್ಯಾ?"

"ಇಲ್ಲ. ದಿನಕ್ಕೆ ಇಪ್ಪತ್ತು ಬರುತ್ತೆ."

"ಮತ್ತೆ ಇದನ್ನ ಯಾಕೆ ತೆಗೆದೆ?"

ಪುಸ್ತಕ ಕಿತ್ತುಕೊಂಡೆ. ಶಾಲೆಯಲ್ಲಿ ಮಕ್ಕಳನ್ನು ವಿಚಾರಿಸಿದಂತೆ ನನ್ನನ್ನು ವಿಚಾರಿಸಬೇಡ ಎಂದೆ. ಆವತ್ತು ನಾನು ಕೊಳವೆ ಹಿಡಿದಿದ್ದೆ, ಅಷ್ಟೇ.

ಮಾರ್ಚ್ 9, ಭಾನುವಾರ

ಅಕ್ಕನ ಜೊತೆ ಮಾತಿಲ್ಲ. ದೊಡ್ಡ ಡಾಕ್ಟರಿಗೆ ಬೇರಿನ ಬುಡದಲ್ಲಿ ಕೀವು, ಮುಖಕ್ಕೆ ಬಾವು, ಕಣ್ಣು ಮುಚ್ಚುವಷ್ಟು. ಮೂವತ್ತಕ್ಕೆ ಹದಿನೆಂಟು ಮಾತ್ರ ಸರಿ.

ಮಾರ್ಚ್ 27, ಗುರುವಾರ

ಅವರು ಮನೆಗೆ ಬಂದಿದ್ದರು.

ಸಂಜೆ ಐದಕ್ಕೆ. ಅಕ್ಕ ನೋಟ್‌ಬುಕ್ ತಿದ್ದುತ್ತಿದ್ದಳು. ಹೇಳದೆ ಕೇಳದೆ ಕುರ್ಚಿ ಎಳೆದು ಕುಳಿತರು. ವಿಚಾರಣೆ ಜುಲೈ ಹತ್ತಕ್ಕೆ ಗೊತ್ತಾಗಿದೆ. ಟೈಲರಮ್ಮನ 'ದೊಡ್ಡ ಕೈ' ಮಾತು ಅವರ ಕಿವಿಗೂ ಬಿದ್ದಿದೆ.

"ಕೆಲಸ ಮಾಡಿದ್ದು ನಾನೇ, ಸರ್ ಪಕ್ಕದಲ್ಲಿ ನಿಂತು ಹೇಳಿಕೊಡ್ತಿದ್ರು ಅಂದುಬಿಡಮ್ಮ. ಇಬ್ಬರಿಗೂ ಅರ್ಧರ್ಧ. ಪಿ.ಜಿ. ಮುಗಿಸಿ ಬಾ, ಕ್ಲಿನಿಕ್ ನಿನಗೇ ನೋಡ್ಕೊಳ್ಳೋಕೆ ಕೊಡ್ತೀನಿ."

"ಫಿಲ್ಮ್ ನನ್ನ ಹತ್ರ ಇದೆ ಸರ್," ಎಂದೆ. ಈ ಮಾತಿಗಾಗಿ ಎರಡೂವರೆ ತಿಂಗಳು ಕಾದಿದ್ದೆ. ಅವರ ಮುಖ ಸುಣ್ಣ ಬಳಿದ ಹಾಗಾಯಿತು. "ಬಿಳಿ ಗೆರೆ ತುಂಡಾಗಿದೆ. ಅದನ್ನ ನೋಡಿಯೂ ನೀವು ಇಕ್ಕಳ ಹಾಕಿದ್ರಿ."

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ, "ನೋಡಿಯೂ ಅಂತ ಯಾಕಂತೀಯ?" ಎಂದರು. "ಆವತ್ತು ಹೊರಗೆ ಏಳು ಜನ ಕಾಯ್ತಿದ್ರು. ಫಿಲ್ಮ್ ಕಡೆ ಕಣ್ಣೇ ಹಾಯಿಸಲಿಲ್ಲ. ಏನಾದ್ರೂ ಇದ್ರೆ ನೀನು ಹೇಳ್ತೀಯ ಅಂದ್ಕೊಂಡೆ. ಯಾವಾಗ್ಲೂ ಹೇಳ್ತಿದ್ದೆಯಲ್ಲ."

ಅಕ್ಕ ಎದ್ದು ಬಾಗಿಲು ತೆರೆದು ಹಿಡಿದಳು. "ನೀವು ಹೊರಡಿ. ಅವಳು ಓದ್ಕೋಬೇಕು."

ಅವರು ಹೋದ ಮೇಲೆ ಕೈ ತಟ್ಟಿ ನಕ್ಕೆ. ಫಿಲ್ಮ್ ನೋಡಲಿಲ್ಲ ಎಂದು ಬಾಯಿ ಬಿಟ್ಟು ಹೇಳಿದರು, ಅಕ್ಕನೇ ಸಾಕ್ಷಿ. ಇನ್ನು ಅವರ ಕುತ್ತಿಗೆ ನನ್ನ ಕೈಯಲ್ಲಿದೆ.

ಮಾರ್ಚ್ 28, ಶುಕ್ರವಾರ

ಅವರು ನೋಡಿರಲಿಲ್ಲ.

ಹಾಗಾದರೆ ಆ ಕೋಣೆಯಲ್ಲಿ ಆ ಫಿಲ್ಮನ್ನು ನೋಡಿದವರು ಒಬ್ಬರೇ.

ಏಪ್ರಿಲ್ 20, ಭಾನುವಾರ

ಮೂರು ವಾರ ಬರೆಯಲಿಲ್ಲ, ಓದಿದೆ. ಓದುವಾಗ ತಲೆಯಲ್ಲಿ ಬೇರೆ ಏನಕ್ಕೂ ಜಾಗವಿರುವುದಿಲ್ಲ, ಅದೇ ಒಳ್ಳೆಯದು.

ಟೈಲರಮ್ಮನ ಗದ್ದದ ತುದಿಗೆ ಸ್ಪರ್ಶ ಬಂದಿದೆ. ಹತ್ತಿ ತಾಗಿಸಿದ ಕೂಡಲೇ "ಇಲ್ಲಿ" ಎಂದರು. ನಾನು ನಂಬದೆ ಮೂರು ಸಲ ಪರೀಕ್ಷಿಸಿದೆ, ಒಂದು ಸಲ ಮುಟ್ಟದೆಯೇ "ಈಗ?" ಎಂದೆ. "ಮುಟ್ಟಿದ್ರೆ ತಾನೇ ಹೇಳೋದು," ಎಂದು ನಕ್ಕರು. ಕೈವಾರದ ಎರಡು ಮೊನೆಗಳನ್ನು ಹದಿನೆಂಟು ಮಿಲಿಮೀಟರ್ ದೂರ ಇಟ್ಟರೆ ಎರಡೆಂದು ತಿಳಿಯುತ್ತದೆ. ಸರಿಯಾದ ಗದ್ದಕ್ಕೆ ಅದರ ಅರ್ಧ ಸಾಕು. ಆದರೂ ಫೆಬ್ರವರಿಯಲ್ಲಿ ಏನೂ ಇರಲಿಲ್ಲ.

ಕನ್ನಡಿ ಮುಂದೆ ಕೂತು ಬ್ರಷ್ಷಿನಿಂದ ಆ ಜಾಗ ನೇವರಿಸಿಕೊಳ್ಳುವುದನ್ನು ಹೇಳಿಕೊಟ್ಟೆ, ದಿನಕ್ಕೆ ಮೂರು ಸಲ. ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳಂತೆ. ಹೊರಡುವಾಗ ನನ್ನ ಕೋಟಿನ ತೋಳು ಉದ್ದವಾಗಿದೆ, ಬಿಟ್ಟು ಹೋಗಿ ಎಂದರು. ನಾಲ್ಕು ವರ್ಷ ಮಡಚಿ ಹಾಕಿಕೊಂಡಿದ್ದೆ.

ದಾರಿಯುದ್ದಕ್ಕೂ ಹದಿನೆಂಟು, ಹದಿನೆಂಟು ಎಂದುಕೊಳ್ಳುತ್ತ ಬಂದೆ. ಎರಡು ಸ್ಟಾಪ್ ಮುಂದೆ ಇಳಿದೆ.

ಮೇ 14, ಬುಧವಾರ

ಮಕ್ಕಳ ಹಲ್ಲು ಮುಗಿಯಿತು. ಹೆದರಿದ ಮಗುವಿಗೆ ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಅಕ್ಕ ಇದನ್ನು ಓದಿ, "ನಾವು ಟೀಚರುಗಳು ಮೊದಲಿಂದ ಮಾಡ್ತಿರೋದು ಇದೇ. ನಿಮಗಿದಕ್ಕೆ ಮಾರ್ಕ್ಸ್ ಬೇರೆ ಕೊಡ್ತಾರಾ?" ಎಂದಳು. ಮಾತು ಯಾವಾಗ ಮತ್ತೆ ಶುರುವಾಯಿತೋ ನೆನಪಿಲ್ಲ.

ಈಚೆಗೆ ಓದಿದ್ದು ಹಾಗೇ ನಿಲ್ಲುತ್ತಿದೆ, ಯಾರ ಬಾಯಲ್ಲೂ ಇಡಬೇಕಾಗಿಲ್ಲ. ಇನ್ನೂರಕ್ಕೆ ನೂರ ಎಪ್ಪತ್ತೊಂದು.

ಜೂನ್ 15, ಭಾನುವಾರ

ಪರೀಕ್ಷೆ ಆಯಿತು. ದೊಡ್ಡ ಹಾಲು, ಕಂಪ್ಯೂಟರುಗಳ ಸಾಲು, ಪಕ್ಕದವನು ಕಾಲು ಕುಣಿಸುತ್ತಿದ್ದ. ಎಪ್ಪತ್ತನೆಯದೋ ಏನೋ, ಒಂದು ಎಕ್ಸ್‌ರೇ ಚಿತ್ರ ಬಂತು. ಮಲಗಿದ ಬುದ್ಧಿಹಲ್ಲು. 'ಈ ಫಿಲ್ಮನ್ನು ನೋಡಿದ ದಂತವೈದ್ಯರು ಮುಂದೆ ಏನು ಮಾಡಬೇಕು?' ನಾಲ್ಕು ಆಯ್ಕೆ.

ಉತ್ತರ ಗೊತ್ತಿತ್ತು. ಆದರೂ ಆ ಒಂದು ಪ್ರಶ್ನೆಗೆ ಮೂರು ನಿಮಿಷ ತೆಗೆದುಕೊಂಡೆ.

ಜುಲೈ 10, ಗುರುವಾರ

ವಿಚಾರಣೆ.

ಉದ್ದ ಮೇಜು, ಮೂವರು ಸದಸ್ಯರು, ನಡುವೆ ಬೆಳ್ಳಿಗೂದಲಿನ ಅಧ್ಯಕ್ಷೆ. ದೊಡ್ಡ ಡಾಕ್ಟರು ವಕೀಲರ ಜೊತೆ ಬಂದಿದ್ದರು. ಟೈಲರಮ್ಮ ತಮ್ಮ ಮಾತು ಹೇಳಿದರು. ವಕೀಲರು ನಕ್ಕು, "ಕಣ್ಣು ಮುಚ್ಚಿದ್ದಾಗ ಕೈ ಅಳತೆ ಹೇಳ್ತೀರಾ?" ಎಂದರು. ಆಕೆ ಅವರನ್ನು ಮೇಲಿನಿಂದ ಕೆಳಗೆ ನೋಡಿ, "ನಿಮ್ಮ ಅಂಗಿ ಕಾಲರು ಹದಿನಾರೂವರೆ, ಬೇಕಾಗಿದ್ದು ಹದಿನೇಳು," ಎಂದರು. ಅಧ್ಯಕ್ಷೆ ತಲೆ ತಗ್ಗಿಸಿ ಏನೋ ಬರೆದುಕೊಂಡರು.

ಆಮೇಲೆ ನಾನು. ಮೊದಲು ಗದ್ದದ ಫೋಟೋಗಳು. ಹಿಂದಿನ ದಿನ ಅಕ್ಕ ಕೇಳಿದ್ದಳು, ಎಲ್ಲವನ್ನೂ ಕೊಡುತ್ತೀಯಾ, ಫೆಬ್ರವರಿಯದನ್ನು ಮಾತ್ರವಾ ಎಂದು. ನಾನು ಎಂಟನ್ನೂ ಕೊಟ್ಟೆ. ಕೊನೆಯದರಲ್ಲಿ ಸ್ಪರ್ಶವಿಲ್ಲದ ಜಾಗ ಹೆಬ್ಬೆರಳಿನ ಉಗುರಿನಷ್ಟು. ವಕೀಲರು, "ನೋಡಿ, ವಾಸಿಯಾಗ್ತಿದೆ," ಎಂದರು. "ಹೌದು, ವಾಸಿಯಾಗ್ತಿದೆ," ಎಂದೆ.

ಫಿಲ್ಮಿನ ಫೋಟೋ ಪರದೆಯ ಮೇಲೆ ಬಂತು. ಮೂವರೂ ಮುಂದಕ್ಕೆ ಬಾಗಿದರು. ದೊಡ್ಡ ಡಾಕ್ಟರು ಕಣ್ಣು ಮುಚ್ಚಿಕೊಂಡರು. ಆರು ತಿಂಗಳಿಂದ ನಾನು ಕಂಡ ಕನಸು ಇದೇ, ಆ ಮುಖವೇ.

"ಈ ಫಿಲ್ಮು ಆಪರೇಷನ್ನಿಗೆ ಮೊದಲು ಕೋಣೆಯಲ್ಲಿತ್ತಾ?" ಅಧ್ಯಕ್ಷೆ ಕೇಳಿದರು.

"ಇತ್ತು ಮೇಡಂ. ನಾನೇ ಬೆಳಕಿನ ಪೆಟ್ಟಿಗೆಗೆ ಹಾಕಿದ್ದು."

"ನೀವು ನೋಡಿದ್ರಾ?"

ಕೊಳವೆ ಹಿಡಿದಿದ್ದೆ, ಅಷ್ಟೇ. ಆ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟೋ ಸಲ ಬರೆದು ಬಾಯಿಪಾಠವಾಗಿತ್ತು.

"ನೋಡಿದೆ. ಗೆರೆ ತುಂಡಾಗಿದ್ದು ಕಾಣಿಸ್ತು. ವಿಚಿತ್ರವಾಗಿದೆ ಅನ್ನಿಸಿ ಫೋಟೋ ತೆಗೆದೆ. ಆ ವಾರ ಅವರು ಎರಡು ಸಲ ರೋಗಿಗಳ ಎದುರಿಗೆ, ನನಗೆ ಹೇಳಿಕೊಡೋಕೆ ಬರಬೇಡ ಅಂದಿದ್ರು. ನನಗೆ ಸಿಟ್ಟಿತ್ತು. ಅವರೇ ನೋಡ್ಕೊಳ್ಳಲಿ ಅಂತ ಸುಮ್ಮನಾದೆ."

ಸಿಟ್ಟಿತ್ತು ಎನ್ನುವುದು ನನ್ನ ಬಾಯಿಂದ ಬಂದ ಮೇಲೆಯೇ ನನಗೂ ತಿಳಿದದ್ದು.

ಟೈಲರಮ್ಮ ನನ್ನನ್ನೇ ನೋಡುತ್ತಿದ್ದರು. ದೊಡ್ಡ ಡಾಕ್ಟರು ಕಣ್ಣು ತೆರೆದು, ವಕೀಲರು ತೋಳು ಹಿಡಿದೆಳೆದರೂ ಕೇಳದೆ ಎದ್ದು ನಿಂತು, "ಹಲ್ಲು ತೆಗೆದಿದ್ದು ನಾನೇ," ಎಂದರು.

ಹೊರಗೆ ಟೈಲರಮ್ಮ ಬೆಂಚಿನ ಮೇಲೆ ಕುಳಿತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

"ಒಂದು ಮಾತು ಅಂದಿದ್ರೆ ಸಾಕಿತ್ತಲ್ಲ ಡಾಕ್ಟ್ರಮ್ಮ," ಎಂದರು ಮೆಲ್ಲಗೆ.

"ಹೌದು."

ಅವರು ಮಗಳ ಕೈ ಹಿಡಿದು ಎದ್ದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಇನ್ನು ಆ ಫೋಟೋ ಯಾರಿಗೂ ಬೇಕಾಗಿಲ್ಲ. ಆದ್ರೂ ಬರ್ತೀರಾ?"

ಬರುತ್ತೇನೆ ಎಂದೆ.

ಆಗಸ್ಟ್ 5, ಮಂಗಳವಾರ

ರ್ಯಾಂಕ್ ಚೆನ್ನಾಗಿಯೇ ಬಂದಿದೆ. ಸೀಟು ಆರಿಸುವ ಕೌಂಟರಿನಲ್ಲಿದ್ದ ಗುಮಾಸ್ತರು, "ಸರ್ಜರಿ ಇನ್ನೂ ಎರಡು ಉಳಿದಿದೆ, ಹಾಕ್ಲಾ?" ಎಂದರು. ಬಾಯಿಯ ರೋಗ ಪತ್ತೆ ಮತ್ತು ಎಕ್ಸ್‌ರೇ ವಿಭಾಗ ಹಾಕಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಈ ರ್ಯಾಂಕ್‌ಗೆ ಯಾರೂ ಅದನ್ನ ತಗೊಳ್ಳಲ್ಲಮ್ಮ," ಎಂದರು. ಸಾಲಿನಲ್ಲಿ ಹಿಂದೆ ಜನರಿದ್ದರು. ಸಹಿ ಮಾಡಿ ಬಂದೆ.

ಆಗಸ್ಟ್ 22, ಶುಕ್ರವಾರ

ಕಾಲೇಜು ಸೇರಿ ನಾಲ್ಕು ದಿನ. ಮಧ್ಯಾಹ್ನ ಬೇಗ ಬಂದೆ. ಕೌನ್ಸಿಲ್ಲಿನ ಆದೇಶ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಿತ್ತು, ಎರಡು ಪುಟ. ಮೊದಲ ಪುಟ ನನ್ನದು. ತಾನು ಮಾಡದ ಕೆಲಸಕ್ಕೆ ಸಹಿ ಹಾಕಿದ್ದು, ಕಂಡ ಅಪಾಯವನ್ನು ತಿಳಿಸದೆ ಇದ್ದದ್ದು. ಲಿಖಿತ ಎಚ್ಚರಿಕೆ, ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಎರಡು ಸಲ ಓದಿದೆ. ಒಂದು ಪದವನ್ನೂ ತಿದ್ದಬೇಕು ಅನ್ನಿಸಲಿಲ್ಲ. ಡ್ರಾಯರಿನಲ್ಲಿಟ್ಟು ಟೈಲರಮ್ಮನಲ್ಲಿಗೆ ಹೋಗಿ ಬಂದೆ. ಕೈವಾರದ ದೂರ ಈಗ ಹನ್ನೊಂದು.

ಸಂಜೆ ಅಕ್ಕ ಶಾಲೆಯಿಂದ ಬಂದು ಚೀಲ ಕೆಳಗಿಡುವ ಮೊದಲೇ, "ಆದೇಶ ಬಂತಂತೆ. ಏನಾಯ್ತು ಅವರಿಗೆ?" ಎಂದಳು.

"ಯಾರಿಗೆ?"

"ಯಾರಿಗೆ ಅಂದ್ರೆ? ನಿನ್ನ ದೊಡ್ಡ ಡಾಕ್ಟರಿಗೆ."

"ಎರಡನೇ ಪುಟದಲ್ಲಿರಬೇಕು. ತಿರುಗಿಸಿಲ್ಲ ಇನ್ನೂ."

ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ, ಡ್ರಾಯರ್ ಎಳೆದು ಕಾಗದ ತೆಗೆದು, ನಿಂತುಕೊಂಡೇ ಗಟ್ಟಿಯಾಗಿ ಓದಿದಳು. ಒಂದು ವರ್ಷ ಅವರು ಯಾವ ರೋಗಿಯನ್ನೂ ಮುಟ್ಟುವಂತಿಲ್ಲ. ಕ್ಲಿನಿಕ್ ಮುಚ್ಚಬೇಕು.

"ಒಂದು ವರ್ಷ ಕಣೇ," ಎಂದಳು.

ನನಗೆ ಖುಷಿಯಾಗಬೇಕಿತ್ತು. ಬಹುಶಃ ನಾಳೆ ಆಗಬಹುದು. ನಾಳೆ ಎಂಟಕ್ಕೆ ಕಾಲೇಜಿನಲ್ಲಿರಬೇಕು, ಬಟ್ಟೆಗೆ ಇಸ್ತ್ರಿ ಬೇರೆ ಆಗಿಲ್ಲ.